ಸರಾಸರಿಗೆ ಒಪ್ಪದ ಬಾಯಿ

ತಮ್ಮದೇ ಬೀಳ್ಕೊಡುಗೆ ಸಭೆಯಲ್ಲಿ, ತಮ್ಮನ್ನು ಹೊಗಳುತ್ತಿದ್ದವರ ಕೈಯಿಂದ ಮೈಕು ಇಸಿದುಕೊಂಡು ಆ ಹೊಗಳಿಕೆಯನ್ನು ತಿದ್ದಿದವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ನಾಗ್ಪುರದ ಮೇ ತಿಂಗಳು. ಸಭಾಂಗಣದ ಕೂಲರುಗಳು ತಂಪಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿದ್ದವು. ವಿಭಾಗದ ಮುಖ್ಯಸ್ಥರು ಹಿಂದಿಯಲ್ಲಿ, “ಮೇಡಂ ಅವರ ಸಂಶೋಧನೆಯಿಂದ ಎಷ್ಟೋ ಕಿಡ್ನಿ ರೋಗಿಗಳ ಜೀವ ಉಳಿದಿದೆ” ಎಂದರು. ಚಪ್ಪಾಳೆ ಬಿತ್ತು. ಹೊದಿಸಿದ್ದ ಶಾಲನ್ನು ಕುರ್ಚಿಯ ಮೇಲೆ ಬಿಸಾಡಿ ಆಕೆ ಎದ್ದರು.

“ಯಾರ ಜೀವವೂ ಉಳಿದಿಲ್ಲ” ಎಂದರು ಅದೇ ಹಿಂದಿಯಲ್ಲಿ. “ಒಂದು ಗುಳಿಗೆ ರಕ್ತನಾಳದ ಒಳಪದರಕ್ಕೆ ಏನು ಮಾಡುತ್ತದೆ ಅಂತ ಕೇಳಿದೆ. ಅರ್ಧ ಉತ್ತರ ಸಿಕ್ಕಿತು. ಇನ್ನರ್ಧ ಸಿಗುವುದರೊಳಗೆ ನಿಮ್ಮ ನಿಯಮದ ಪ್ರಕಾರ ನನಗೆ ವಯಸ್ಸಾಯಿತು. ಊಟ ತಣ್ಣಗಾಗುತ್ತಿದೆ, ನಡೆಯಿರಿ.”

ಮೊದಲ ಸಾಲಿನಲ್ಲಿ ಹೂಗುಚ್ಛ ಹಿಡಿದು ಕೂತಿದ್ದ ನನಗೆ ಮೊದಲು ನಗು ಬಂತು, ಆಮೇಲೆ ಕಿರಿಕಿರಿಯಾಯಿತು. ಆಕೆಯ ಜೊತೆ ಕಳೆದ ವರ್ಷಗಳೆಲ್ಲ ಹೀಗೇ ಇದ್ದವು. ಹೇಳಿದ್ದು ನಿಜವೇ ಆಗಿರುತ್ತಿತ್ತು, ಆದರೆ ಅದನ್ನು ಅಲ್ಲಿ, ಆಗ, ಹಾಗೆ ಹೇಳಬೇಕಿತ್ತೇ ಎಂದು ಎದುರಿಗಿದ್ದವರ ತಲೆ ಬಿಸಿಯಾಗುತ್ತಿತ್ತು.

ಲ್ಯಾಬಿನಲ್ಲಿ ಎಲ್ಲರೂ ಆಕೆಯನ್ನು ‘ಬಾಯಿ’ ಎನ್ನುತ್ತಿದ್ದರು. ಮರಾಠಿಯಲ್ಲಿ ಅದು ಕಲಿಸುವ ಹೆಂಗಸನ್ನು ಕರೆಯುವ ಗೌರವದ ಮಾತು. ಅದರ ಕನ್ನಡದ ಅರ್ಥ ಗೊತ್ತಿದ್ದವರು ನಾವಿಬ್ಬರೇ. ಒಮ್ಮೆ ಮಾತಿನ ಭರದಲ್ಲಿ ಇದನ್ನು ಹೇಳಿಯೂ ಬಿಟ್ಟೆ. ಆಕೆಗೆ ಬೇಸರವಾಗಲಿಲ್ಲ. “ಬರೋಬರ್ ಹೆಸರಿಟ್ಟಾರ. ಕೈಲೆ ಮಾಡಿದ್ದು ಯಾವದೂ ನೆಟ್ಟಗಾಗಿಲ್ಲ, ಬಾಯಿಯಾದ್ರೂ ಐತಲ್ಲ” ಎಂದರು.

ಆಕೆಯ ತಂದೆ ಗದಗಿನ ಕಡೆಯಿಂದ ರೈಲ್ವೆ ನೌಕರಿಗೆ ಬಂದು ಇಲ್ಲೇ ನೆಲೆಯಾದವರು. ನನ್ನಪ್ಪ ತುಮಕೂರಿನವರು, ವಾಯುಸೇನೆಯಿಂದ ನಾಗ್ಪುರದಲ್ಲೇ ನಿವೃತ್ತರಾದವರು. ಪಿಎಚ್‌.ಡಿ. ಸಂದರ್ಶನದಲ್ಲಿ ನನ್ನ ಹೆಸರು ಓದಿದವರೇ ಕನ್ನಡಕ ತೆಗೆದು, “ಕನ್ನಡ ಬರತೈತೇನು?” ಎಂದರು.

“ಬರುತ್ತೆ ಮೇಡಂ.”

“ಬರುತ್ತೆ! ಭಾಳ ಮೆತ್ತಗ ಐತಿ ನಿನ್ನ ಕನ್ನಡ. ಸಿಟ್ಟು ಬಂದ್ರ ಯಾವ ಭಾಷಾದಾಗ ಬಯ್ತಿ?”

“ಹಿಂದೀಲಿ.”

“ನನ್ನ ಕಡೆ ಸೇರಿದ್ರ ಕನ್ನಡದಾಗ ಸಿಟ್ಟು ಮಾಡಾಕ ಕಲೀತಿ.”

ಆಕೆ ಕೊಟ್ಟ ಮಾತುಗಳಲ್ಲಿ ಪೂರ್ತಿ ನೆರವೇರಿದ್ದು ಅದೊಂದು.

ನಮ್ಮ ಕೆಲಸ ಏನೆಂಬುದನ್ನು ಮೊದಲ ವಾರವೇ ಚಹಾ ಕುಡಿಯುತ್ತ ಹೇಳಿದ್ದರು. ಕಿಡ್ನಿ ಕೆಟ್ಟವರಲ್ಲಿ ರಕ್ತ ಹುಟ್ಟಿಸುವ ಹಾರ್ಮೋನು ಸಾಲದೆ ರಕ್ತಹೀನತೆ ಬರುತ್ತದೆ. ಅದಕ್ಕೆ ಇಂಜೆಕ್ಷನ್ ಮೊದಲಿಂದಲೂ ಇದೆ. ಈಗ ಹೊಸ ಬಗೆಯ ಗುಳಿಗೆಗಳು ಬಂದಿವೆ. ಅವು ಮೈಗೆ ಆಮ್ಲಜನಕ ಕಡಿಮೆಯಾಗಿದೆ ಎಂಬ ಸುಳ್ಳು ಸುದ್ದಿ ಮುಟ್ಟಿಸುತ್ತವೆ. ಎತ್ತರದ ಬೆಟ್ಟಕ್ಕೆ ಹೋದವರ ಮೈ ಹೆಚ್ಚು ರಕ್ತ ಮಾಡಿಕೊಳ್ಳುತ್ತದಲ್ಲ, ಹಾಗೆ ಇಲ್ಲಿಯೂ ಆಗುತ್ತದೆ.

“ಜೀವಕೋಶದಾಗ ಒಂದು ಪ್ರೋಟೀನ್ ಐತಿ” ಎಂದು ಬಾಯಿ ಬಿಸ್ಕೀಟು ಮುರಿದು ತೋರಿಸಿದರು. “ಆಮ್ಲಜನಕ ಇರೂತನಕ ಅದನ್ನ ಹುಟ್ಟಿದ ಕೂಡಲೆ ಹಿಂಗ ಮುರದು ಹಾಕ್ತಾವ, ಅದಕ್ಕಂತನ ಇರೋ ಎಂಜೈಮು. ಆಮ್ಲಜನಕ ಕಡಿಮಿ ಆತು ಅಂದ್ರ ಮುರಿಯಾಕ ಆಗೂದಿಲ್ಲ. ಪ್ರೋಟೀನ್ ಉಳೀತೈತಿ, ಒಳಗ ಹೋಗಿ ‘ಉಸಿರು ಸಾಲವಲ್ದು, ಏಳ್ರಿ’ ಅಂತ ಎಬ್ಬಸ್ತೈತಿ. ಗುಳಿಗಿ ಏನ್ ಮಾಡ್ತೈತಿ? ಆಮ್ಲಜನಕ ಬೇಕಾದಷ್ಟು ಇದ್ರೂ ಮುರಿಯೂ ಎಂಜೈಮಿನ ಕೈ ಕಟ್ಟಿ ಕೂಡಸ್ತೈತಿ.”

“ಆಗ ರಕ್ತ ಹೆಚ್ಚಾಗುತ್ತೆ. ಒಳ್ಳೇದೇ ಅಲ್ವಾ?”

“ಕಿಡ್ನಿಗೆ ಅಷ್ಟ ಹೇಳಿದ್ರ ಚಲೋ. ಗುಳಿಗಿ ನುಂಗಿದ ಮ್ಯಾಲ ಅದು ಊರಿಗೆಲ್ಲಾ ಹೇಳ್ಕೊಂಡು ಅಡ್ಡಾಡ್ತೈತಿ. ರಕ್ತನಾಳದ ಒಳಗ ಹಾಸಿಕೊಂಡು ಕುಂತ ಕೋಶಗಳು ಎಲ್ಲಕ್ಕಿಂತ ಮೊದಲ ಕೇಳ್ತಾವ. ಕೇಳಿ ಮುಂದಿನವರಿಗೆ ಏನಂತ ಹೇಳ್ತಾವ? ನಾಳ ಸಡಿಲ ಮಾಡ್ರಿ ಅಂತಾವೋ, ಬಿಗಿ ಮಾಡ್ರಿ ಅಂತಾವೋ, ಹೊಸ ಟಿಸಿಲು ಒಡೀರಿ ಅಂತಾವೋ, ರಕ್ತ ಹೆಪ್ಪು ಕಟ್ಟಿದ್ರ ಕರಗಸಬ್ಯಾಡ್ರಿ ಅಂತಾವೋ? ಇಷ್ಟ ನಮ್ಮ ಪ್ರಶ್ನೆ.”

ಇಷ್ಟೇ ಎಂದು ನಾನೂ ನಂಬಿದೆ.

ಕೋಶಗಳು ಬೇಕಲ್ಲ, ಅವು ಬರುತ್ತಿದ್ದದ್ದು ಹೊಕ್ಕುಳಬಳ್ಳಿಯಿಂದ. ಹೆರಿಗೆಯಾದ ಮೇಲೆ ಎಸೆಯುವ ಬಳ್ಳಿಯಲ್ಲಿ ದಪ್ಪನೆಯ ರಕ್ತನಾಳವೊಂದಿರುತ್ತದೆ. ಅದನ್ನು ತೊಳೆದು, ಒಳಪದರವನ್ನು ಬಿಡಿಸಿ ತಟ್ಟೆಯಲ್ಲಿ ಬೆಳೆಸಿದರೆ ಸೂಕ್ಷ್ಮದರ್ಶಕದಡಿ ಕಲ್ಲು ಹಾಸಿದ ಅಂಗಳದಂತೆ ಕಾಣುತ್ತದೆ. ಬಳ್ಳಿ ತರಲು ಬೇರೆ ಪ್ರಯೋಗಾಲಯದವರು ಆಯಾಗಳಿಗೆ ಹೇಳಿಡುತ್ತಿದ್ದರು. ಬಾಯಿ ಮಾತ್ರ ತಾವೇ ಐಸ್ ಡಬ್ಬಿ ಹಿಡಿದು ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದರು. ನೋವು ಶುರುವಾಗುವ ಮೊದಲೇ ಒಬ್ಬೊಬ್ಬ ತಾಯಿಯ ಹತ್ತಿರ ಹೋಗಿ ಕೇಳಿಕೊಳ್ಳುತ್ತಿದ್ದರು.

ಒಂದು ಸಲ ತಾಯಿ ಒಪ್ಪಿದರೂ ಅತ್ತೆ ಒಪ್ಪಲಿಲ್ಲ. ಪಕ್ಕದ ಭಂಡಾರಾ ಜಿಲ್ಲೆಯ ಗಟ್ಟಿ ಹೆಂಗಸು. ಬಳ್ಳಿಯನ್ನು ಮನೆಯಂಗಳದಲ್ಲಿ ಹೂಳದಿದ್ದರೆ ಮಗು ಊರು ಸೇರುವುದಿಲ್ಲ ಎಂದು ಅವಳು ಮರಾಠಿಯಲ್ಲಿ ಜಗಳಕ್ಕೇ ನಿಂತಳು. ನರ್ಸು ಮುದುಕಿಯನ್ನು ಗದರಲು ಹೋದಳು. ಬಾಯಿ ನರ್ಸನ್ನೇ ಗದರಿದರು. ಆಮೇಲೆ ಮುದುಕಿಯ ಪಕ್ಕ ಕೂತು, “ಎಷ್ಟು ಹೂಳಬೇಕು?” ಎಂದು ಕೇಳಿದರು. ಮುದುಕಿ ತಬ್ಬಿಬ್ಬಾದಳು. ಎಷ್ಟು ಎಂಬ ಪ್ರಶ್ನೆ ಅವಳಿಗೆ ಯಾವತ್ತೂ ಬಂದಿರಲಿಲ್ಲ. ಕಡೆಗೆ ಅರ್ಧ ಎಂದಳು. ಬಳ್ಳಿ ಬಂದಾಗ ಬಾಯಿ ಅವಳ ಕಣ್ಣೆದುರೇ ಕತ್ತರಿಸಿ, ದೊಡ್ಡ ತುಂಡನ್ನು ಅವಳಿಗೆ ಕಟ್ಟಿಕೊಟ್ಟರು.

“ಮೇಡಂ, ಇಷ್ಟು ಗಿಡ್ಡದರಲ್ಲಿ ಕೋಶಗಳೇ ಸಾಲಲ್ಲ” ಎಂದೆ ದಾರಿಯಲ್ಲಿ.

“ಸಾಲೂದಿಲ್ಲ” ಎಂದರು. “ನಾಳೆ ಮತ್ತೊಬ್ಬಾಕೀನ ಕೇಳೂಣು.”

ನನ್ನ ಒಂದು ವಾರದ ಪ್ರಯೋಗ ಹೋಯಿತು. ಅದು ಮೊದಲನೆಯದು.

ಉಳಿದವು ಬೇರೆ ಬೇರೆ ಕಾರಣಕ್ಕೆ ಹೋದವು. ಬೇಸಿಗೆಯಲ್ಲಿ ಕರೆಂಟು ಹೋಗಿ, ಜನರೇಟರು ಕೈಕೊಟ್ಟು, ಇನ್‌ಕ್ಯುಬೇಟರಿನ ಒಳಗೆ ಕೋಶಗಳು ಬೆಂದುಹೋಗುತ್ತಿದ್ದವು. ಬಾಯಿ ಕಿಟಕಿ ತೆರೆದು, ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿರುವ ಮೌದಾದ ದಿಕ್ಕಿಗೆ ಕೈ ಮಾಡಿ, “ಅಲ್ಲಿ ಬೂದಿ ನಮಗ, ಕರೆಂಟ್ ಮಂದಿಗೆ” ಎಂದು ಬಯ್ಯುತ್ತಿದ್ದರು. ಇಲೆಕ್ಟ್ರಿಷಿಯನ್ ಆಕೆಯ ಹೆಜ್ಜೆ ಸಪ್ಪಳ ಕೇಳಿದರೆ ಏಣಿಯಿಂದ ಇಳಿಯುತ್ತಲೇ ಇರಲಿಲ್ಲ.

ಇದಕ್ಕಿಂತ ದೊಡ್ಡ ತಕರಾರು ಗಾಳಿಯದು. ದೇಹದೊಳಗಿನ ರಕ್ತನಾಳಕ್ಕೆ ಸಿಗುವ ಆಮ್ಲಜನಕ ನಾವು ಉಸಿರಾಡುವ ಗಾಳಿಯಲ್ಲಿರುವುದಕ್ಕಿಂತ ಬಹಳ ಕಡಿಮೆ. ತಟ್ಟೆಯಲ್ಲಿ ಬೆಳೆಸುವ ಕೋಶಗಳಿಗೆ ನಾವು ಕೊಡುವುದು ಬಯಲ ಗಾಳಿ. “ಬಡವರ ಮನಿ ಮಗೂನ ತಂದು ಅರಮನ್ಯಾಗ ಇಟ್ಟು, ಆಮ್ಯಾಲ ಉಪವಾಸ ಹಾಕಿದ್ರ ಅದು ಹೆಂಗ ಅಳತೈತಿ ಅಂತ ಬರಕೊಂಡ್ರ, ಅದು ಬಡವರ ಮನಿ ಮಗೂನ ಅಳು ಅಲ್ಲ” ಎಂಬುದು ಬಾಯಿಯ ವಾದ. ಕಡಿಮೆ ಆಮ್ಲಜನಕದಲ್ಲೇ ಕೋಶ ಬೆಳೆಸುವ ಯಂತ್ರ ಬೇಕೆಂದು ಸಂಸ್ಥೆಯ ಹಣಕಾಸು ಸಮಿತಿಗೆ ಬರೆದರು. ಸಮಿತಿ ಕಟ್ಟಡಕ್ಕೆ ಹೊಸ ಗೇಟು ಹಾಕಿಸಿತು.

ಆಮೇಲೆ ಒಂದು ಶನಿವಾರ ನನ್ನನ್ನು ಮೆಟ್ರೋದಲ್ಲಿ ಕೂರಿಸಿಕೊಂಡು ಸೀತಾಬರ್ಡಿ ಪೇಟೆಗೆ ಹೊರಟರು. ಪಾತ್ರೆ ಅಂಗಡಿಯೊಂದರ ಮುಂದೆ ನಿಂತು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗಳನ್ನು ಒಂದೊಂದಾಗಿ ಮುಚ್ಚಿ, ಕಿವಿಗೆ ಹಿಡಿದು, ಅಮುಕಿ ಅಮುಕಿ ನೋಡತೊಡಗಿದರು. ಅಂಗಡಿಯವನು ತಾಳ್ಮೆಯಿಂದ, “ಏನು ತುಂಬಿಸಬೇಕು ಬಾಯಿ, ಉಪ್ಪಿನಕಾಯೋ ಹಪ್ಪಳವೋ?” ಎಂದು ಮರಾಠಿಯಲ್ಲಿ ಕೇಳಿದ.

“ಏನೂ ತುಂಬಿಸಬೇಕಾಗಿಲ್ಲ. ಒಳಗಿನ ಗಾಳಿ ತೆಗೀಬೇಕು.”

ಅವನು ನನ್ನ ಮುಖ ನೋಡಿದ. ನಾನು ಎದುರಿನ ಸೀರೆ ಅಂಗಡಿ ನೋಡಿದೆ. ಬಕೆಟ್ಟಿನಲ್ಲಿ ನೀರು ತರಿಸಿ ಡಬ್ಬಿಗಳನ್ನು ಮುಳುಗಿಸಿದರು. ಗುಳ್ಳೆ ಬಂದವನ್ನು ಬೈದು ಬದಿಗಿಟ್ಟರು. ಗುಳ್ಳೆ ಬಾರದ ಎರಡನ್ನು ಕೊಂಡು, ತೂತು ಕೊರೆಸಿ, ನೈಟ್ರೋಜನ್ ಸಿಲಿಂಡರಿನ ಕೊಳವೆ ಸೇರಿಸಿ, ನಮ್ಮದೇ ಯಂತ್ರ ಮಾಡಿದೆವು. ಅದು ಕೆಲಸವನ್ನೂ ಮಾಡಿತು. ಒಂದು ದಿನ ಮಾಡುತ್ತಿತ್ತು, ಒಂದು ದಿನ ಸೋರುತ್ತಿತ್ತು.

ಕೆಲಸ ಮಾಡಿದ ದಿನಗಳಲ್ಲಿ ಬಂದ ಫಲಿತಾಂಶವೇ ನಮ್ಮಿಬ್ಬರ ಜಗಳಕ್ಕೆ ಕಾರಣವಾಯಿತು. ಕೆಲವು ತಾಯಂದಿರ ಬಳ್ಳಿಯ ಕೋಶಗಳು ಗುಳಿಗೆಯ ಔಷಧ ತಾಕಿದೊಡನೆ ನಾಳವನ್ನು ಸಡಿಲಿಸುವ ಸಂಕೇತ ಕೊಟ್ಟವು. ಬೇರೆ ಕೆಲವು ತಾಯಂದಿರದ್ದು ಹೆಪ್ಪು ಕರಗದಂತೆ ತಡೆಯುವ ಸಂಕೇತವನ್ನು ಜೋರು ಮಾಡಿದವು. ಔಷಧದ ಪ್ರಮಾಣ ಬದಲಾದರೆ ಇದೂ ತಿರುಗುಮುರುಗು. ಬಯಲ ಗಾಳಿಯಲ್ಲಿ ಬೆಳೆದವು ಒಂದು ಹೇಳಿದರೆ ಡಬ್ಬಿಯಲ್ಲಿ ಬೆಳೆದವು ಇನ್ನೊಂದು ಹೇಳುತ್ತಿದ್ದವು. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಚೆಂದದ ಒಂದು ಗೆರೆ ಬರುತ್ತಿತ್ತು, ಒಂದು ಲೇಖನವೂ ಆಗುತ್ತಿತ್ತು. ನನ್ನ ಜೊತೆ ಸೇರಿದವರೆಲ್ಲ ಆಗಲೇ ಪ್ರಬಂಧ ಮುಗಿಸಿ ಪುಣೆ, ಹೈದರಾಬಾದು ಎಂದು ಕೆಲಸಕ್ಕೆ ಹೊರಟಿದ್ದರು.

ನಾನು ಆ ಗೆರೆ ಎಳೆದು ತಂದು ಮೇಜಿನ ಮೇಲಿಟ್ಟೆ. ಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಅದು ಸಿಟ್ಟಿನ ಗುರುತು.

“ಈ ಸರಾಸರಿ ಅನ್ನೋ ಹೆಸರಿನ ಪೇಶಂಟ್ ಯಾವ ವಾರ್ಡಿನಾಗ ಅದಾನ? ತೋರಸು. ಹೋಗಿ ಮಾತಾಡ್ಸಿ ಬರ್ತೀನಿ.”

“ಎಲ್ಲರೂ ಹೀಗೇ ಮಾಡ್ತಾರೆ ಮೇಡಂ. ವಿಜ್ಞಾನ ನಡೆಯೋದೇ ಹೀಗೆ.”

“ಮಂದಿ ಅರ್ಧಕ್ಕರ್ಧ ಎಡಕ್ಕ ಹೋದ್ರು, ಅರ್ಧಕ್ಕರ್ಧ ಬಲಕ್ಕ ಹೋದ್ರು. ನೀ ಏನ್ ಬರದಿ? ಎಲ್ಲಾರೂ ನಟ್ಟನಡುವ ನಿಂತಾರ ಅಂತ ಬರದಿ.”

“ಹಾಗಾದ್ರೆ ನನ್ನ ಥೀಸಿಸ್ ಯಾವಾಗ ಮುಗಿಯುತ್ತೆ?”

“ಎಡಕ್ಕ ಯಾಕ ಹೋದ್ರು ಅಂತ ಗೊತ್ತಾದಾಗ.”

ಬಾಗಿಲನ್ನು ದಢಾರನೆ ಹಾಕಿ ಹೊರಗೆ ಬಂದು ಕಾರಿಡಾರಿನಲ್ಲಿ ನಿಂತು ಕನ್ನಡದಲ್ಲಿ ಬೈದೆ, ಸ್ವಚ್ಛ ಧಾರವಾಡದ ಕನ್ನಡದಲ್ಲಿ. ಆಕೆ ಬಾಗಿಲು ತೆರೆದು, “ಈಗ ಬರೋಬರ್ ಆತು ನೋಡು” ಎಂದು ಮತ್ತೆ ಮುಚ್ಚಿಕೊಂಡರು.

ಬಾಯಿಗೆ ಒಬ್ಬ ಅಣ್ಣ ಇದ್ದರು. ತಂದೆಯ ಹಾದಿಯಲ್ಲೇ ರೈಲ್ವೆ ಸೇರಿ ಗಾರ್ಡ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಪ್ರತಾಪ ನಗರದ ತಂಗಿಯ ಮನೆಗೇ ಬಂದಿದ್ದರು. ಬಾಯಿ ಮದುವೆಯಾಗಿರಲಿಲ್ಲ. ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆಯುತ್ತಿತ್ತು. ತಂಗಿಯದು ಎಷ್ಟು ಒರಟೋ ಅವರದು ಅಷ್ಟೇ ನಗುಮುಖ. ನಾನು ಮನೆಗೆ ಹೋದರೆ, “ಬರ್ರಿ ಬರ್ರಿ, ಇವತ್ತ ಎಷ್ಟು ಲೇಟ್ ನಡದೈತಿ ನಿಮ್ಮ ಥೀಸಿಸ್ ಗಾಡಿ?” ಎಂದು ಕೇಳುತ್ತಿದ್ದರು.

ರಕ್ತ ತೀರ ಇಳಿದು, ಇಂಜೆಕ್ಷನ್ನಿಗೂ ಏರದೆ, ಅಡುಗೆಮನೆಯಿಂದ ವರಾಂಡಕ್ಕೆ ಬರುವಷ್ಟರಲ್ಲಿ ಏದುಸಿರು ಬಿಡತೊಡಗಿದಾಗ ಅವರ ಕಿಡ್ನಿ ಡಾಕ್ಟರು ಹೊಸ ಗುಳಿಗೆಯ ಹೆಸರು ಬರೆದುಕೊಟ್ಟರು. ನಾವು ಅಷ್ಟು ವರ್ಷದಿಂದ ತಟ್ಟೆಗೆ ಹಾಕುತ್ತಿದ್ದ ಅದೇ ಔಷಧ.

ಅಣ್ಣ ಚೀಟಿ ಹಿಡಿದು ಕೇಳಿದ್ದನ್ನು ನಾನು ಅಲ್ಲೇ ಕೂತು ಕೇಳಿದೆ. “ನೀ ಇದನ್ನ ನೋಡ್ಕೋತ ಮುದುಕಿ ಆಗೀದಿ. ಹೇಳು, ತಗೋಲೋ ಬ್ಯಾಡೋ?”

ಬಾಯಿ ಚೀಟಿ ತೆಗೆದುಕೊಂಡು ಎರಡು ಸಲ ಓದಿದರು. “ನನಗ ಗೊತ್ತಿಲ್ಲ” ಎಂದರು.

“ಮತ್ತ ದಿನಾ ಮುಂಜಾನೆ ಎದ್ದು ಎಲ್ಲಿಗೆ ಹೊಕ್ಕಿ?”

ಮರುದಿನ ಬಾಯಿ ನನ್ನನ್ನೂ ಕರೆದುಕೊಂಡು ಡಾಕ್ಟರ ಬಳಿ ಹೋದರು. ಚಿಕ್ಕ ವಯಸ್ಸಿನವರು, ಸೌಮ್ಯ. ಬಾಯಿ ತಮ್ಮ ಪ್ರಯೋಗದ ಚಿತ್ರಗಳನ್ನೆಲ್ಲ ಹರಡಿ, ಹೆಪ್ಪು ಕರಗದಂತೆ ತಡೆಯುವ ಸಂಕೇತ ಇಲ್ಲಿ ಇಷ್ಟು ಏರಿದೆ ನೋಡಿ ಎಂದರು. ಡಾಕ್ಟರು ಗಮನವಿಟ್ಟು ನೋಡಿದರು. ಎಚ್ಚರಿಕೆ ತಮಗೂ ಗೊತ್ತು, ಡಯಾಲಿಸಿಸ್‌ಗಾಗಿ ಕೈಯಲ್ಲಿ ಜೋಡಿಸಿದ ರಕ್ತನಾಳ ಕೆಲವರಲ್ಲಿ ಕಟ್ಟಿಕೊಳ್ಳುತ್ತದೆ, ಕಣ್ಣಿಟ್ಟಿರುತ್ತೇವೆ ಎಂದರು. ಆಮೇಲೆ ಹಿಂದಿಯಲ್ಲಿ, ಕುಹಕವಿಲ್ಲದೆ ಕೇಳಿದರು. “ಮೇಡಂ, ಈ ಕೋಶಗಳು ಆಗತಾನೆ ಹುಟ್ಟಿದ ಶಿಶುಗಳದು. ನಿಮ್ಮ ಅಣ್ಣನ ರಕ್ತನಾಳ ವರ್ಷಾನುಗಟ್ಟಲೆ ಸಕ್ಕರೆಯಲ್ಲಿ ನೆನೆದದ್ದು. ಇದು ಅವರ ಬಗ್ಗೆ ಏನು ಹೇಳುತ್ತದೆ?”

ಬೇರೆಯವರ ಪ್ರಬಂಧಗಳನ್ನು ಬಾಯಿ ಇದೇ ಪ್ರಶ್ನೆಯಿಂದ ಹರಿದುಹಾಕುತ್ತಿದ್ದರು. ಚಿತ್ರಗಳನ್ನು ಮಡಿಸಿಕೊಂಡರು. ಆಟೋದಲ್ಲಿ ನಾನು ಡಾಕ್ಟರನ್ನು ಬಯ್ಯಲು ಶುರುಮಾಡಿದೆ. “ಬಾಯಿ ಮುಚ್ಚು. ಅಂವ ಬರೋಬರ್ ಹೇಳ್ಯಾನ” ಎಂದರು.

ತಂಗಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅಣ್ಣ ಕಾಯಲಿಲ್ಲ. “ನೀ ಸಿಗ್ನಲ್ ಕೊಡೂತನಕ ನಾ ನಿಂತ್ರ ಇಲ್ಲೇ ತುಕ್ಕು ಹಿಡೀತೈತಿ” ಎಂದು ಗುಳಿಗೆ ಶುರುಮಾಡಿದರು. ರಕ್ತ ಏರಿತು. ಮುಖಕ್ಕೆ ಬಣ್ಣ ಬಂತು. ಒಬ್ಬರೇ ಆಟೋ ಹಿಡಿದು ನಿಲ್ದಾಣಕ್ಕೆ ಹೋಗಿ, ಹಳೆಯ ಗೆಳೆಯರನ್ನು ಮಾತಾಡಿಸಿ, ಪ್ಲಾಟ್‌ಫಾರಂ ಮೇಲೆ ಚಹಾ ಕುಡಿದು ಬರತೊಡಗಿದರು. ಕುಡಿಯುವ ನೀರಿಗೆ ಡಾಕ್ಟರು ಮಿತಿ ಹಾಕಿದ್ದರಿಂದ ಆ ಚಹಾ ತಂಗಿಗೆ ತಿಳಿಯದಂತೆ ನಡೆಯುತ್ತಿತ್ತು. ಬಾಯಿಗೆ ತಿಳಿದಿತ್ತು. ಲ್ಯಾಬಿನಲ್ಲಿ ನನ್ನ ಹತ್ತಿರ, “ಮೂರು ತಾಸು ನಿಂತಿದ್ದನಂತ. ಕುಂತಿಲ್ಲಂತ” ಎಂದು ಹೇಳಿದರು. ಸಂತೋಷಪಡಬೇಕಾದ ಮಾತನ್ನು ದೂರಿನಂತೆ ಹೇಳಿದರು. ಒಳ್ಳೆಯದಾದರೂ ಯಾಕಾಯಿತು ಎಂದು ತಿಳಿಯದೆ ಅವರಿಗೆ ನೆಮ್ಮದಿಯಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣನ ಎಡಗೈಯಲ್ಲಿ ಡಯಾಲಿಸಿಸ್‌ಗೆಂದು ಜೋಡಿಸಿದ್ದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತು.

ಕೈ ಕುಯ್ದು ಸರಿಪಡಿಸಲು ನೋಡುವುದೆಂದಾಯಿತು. ಕೆಟ್ಟ ನಾಳದ ಒಂದಿಷ್ಟು ತುಂಡನ್ನು ಹೇಗೂ ತೆಗೆದು ಎಸೆಯುತ್ತಾರೆ. ಬಾಯಿಯ ಮನಸ್ಸಿನಲ್ಲಿ ಏನಿದೆಯೆಂದು ಹೇಳದೆಯೇ ನನಗೆ ಗೊತ್ತಾಯಿತು. ವಯಸ್ಸಾದ, ಸಕ್ಕರೆ ಕಾಯಿಲೆಯ, ಗುಳಿಗೆ ನುಂಗಿದ ಮನುಷ್ಯನದೇ ಕೋಶಗಳು! ಡಾಕ್ಟರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಅದಕ್ಕಿಂತ ಸರಿಯಾದ ಜಾಗವಿರಲಿಲ್ಲ. ಇಂಥ ರೋಗಿಗಳ ನಾಳದ ತುಂಡುಗಳಿಗಾಗಿ ಆಕೆ ಡಾಕ್ಟರನ್ನು ಕಂಡು ಬಂದ ವಾರವೇ, ಇಂಥ ಸಂಶೋಧನೆಗೆ ಪರವಾನಗಿ ಕೊಡುವ ನೀತಿ ಸಮಿತಿಗೆ ಅರ್ಜಿ ಹಾಕಿದ್ದರು. ಒಂದು ಸಭೆ ಸದಸ್ಯರು ಸಾಲದೆ ಮುಂದೆ ಹೋಗಿತ್ತು. ಮುಂದಿನದು ದೀಪಾವಳಿ ಕಳೆಯಲಿ ಎಂದು ಮುಂದೆ ಹೋಗಿತ್ತು.

ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ನಾವು ನಿಂತಿದ್ದಾಗ ಸರ್ಜನ್ ಬಂದು ಮೆಲ್ಲಗೆ, “ಮೇಡಂ, ಡಬ್ಬಿ ತಂದಿದ್ದೀರಾ? ತುಂಡು ಕೊಡುತ್ತೇನೆ. ಯಾರು ನೋಡುತ್ತಾರೆ?” ಎಂದರು.

“ಪರವಾನಗಿ ಬಂದಿಲ್ಲ” ಎಂದರು ಬಾಯಿ.

ತುಂಡು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹೋಯಿತು. ಆ ಚೀಲವನ್ನು ಹೊತ್ತವನು ನಮ್ಮ ಮುಂದೆಯೇ ಹಾದುಹೋದ. ನನಗೆ ತಡೆಯಲಾಗಲಿಲ್ಲ.

“ನಿಮ್ಮಣ್ಣನ್ನೇ ಒಂದು ಮಾತು ಕೇಳಬಹುದಿತ್ತಲ್ಲ! ಅವರು ಬೇಡ ಅಂತಿದ್ರಾ?”

“ಹೂಂ ಅಂತಿದ್ದ. ನಾ ಏನ್ ಕೇಳಿದ್ರೂ ಅವಾ ಹೂಂ ಅಂತಾನ. ಅದಕ್ಕ ಅದು ಒಪ್ಪಿಗಿ ಅಲ್ಲ.”

“ಅಲ್ಲಿ ಉತ್ತರ ಇತ್ತು ಮೇಡಂ.”

“ಒಬ್ಬಾಂವನ ಒಂದು ತುಂಡಿನಾಗ ಉತ್ತರ ಇರೂದಿಲ್ಲ. ಇಷ್ಟು ವರ್ಷ ನಿನಗ ಏನ್ ಕಲಿಸೀನಿ?” ಎಂದು ಗೋಡೆಯ ಕಡೆ ತಿರುಗಿದರು. ಸೆರಗಿನಿಂದ ಒರೆಸಿಕೊಂಡದ್ದು ಕನ್ನಡಕವನ್ನಲ್ಲ.

ಕೈ ಸರಿಹೋಗಲಿಲ್ಲ. ಡಯಾಲಿಸಿಸ್‌ಗೆ ಕುತ್ತಿಗೆಯಲ್ಲಿ ಕೊಳವೆ ಹಾಕಿದರು, ಗುಳಿಗೆ ನಿಲ್ಲಿಸಿದರು. ಹೆಪ್ಪುಗಟ್ಟಿದ್ದು ಗುಳಿಗೆಯಿಂದಲೇನಾ ಎಂದು ಕೇಳಿದರೆ ಡಾಕ್ಟರು, “ಇರಬಹುದು. ಗುಳಿಗೆ ತೆಗೆದುಕೊಳ್ಳದವರಲ್ಲೂ ಹೀಗಾಗುತ್ತದೆ” ಎಂದರು. ಅಣ್ಣನ ರಕ್ತ ಮತ್ತೆ ಇಳಿಯಿತು. ವರಾಂಡದ ಕುರ್ಚಿಗೆ ಅಂಟಿಕೊಂಡರು. ನಗುವುದನ್ನೂ ಬಿಟ್ಟರು. ಒಂದು ಭಾನುವಾರ ನನ್ನೆದುರಿಗೇ ಅಣ್ಣ ತಂಗಿಗೆ ಮಾತು ಬೆಳೆಯಿತು.

“ನನಗ ಆ ಗುಳಿಗಿ ಮತ್ತ ಬೇಕು” ಎಂದರು ಅಣ್ಣ.

“ಕೈ ಹೋಗೇತಿ, ಕಾಣೂದಿಲ್ಲೇನು?”

“ಗುಳಿಗಿಂದನ ಹೋತು ಅಂತ ನಿನಗ ಗೊತ್ತೈತೇನು?”

“ಇಲ್ಲ.”

“ಅದರಿಂದ ಅಲ್ಲ ಅಂತ ಗೊತ್ತೈತೇನು?”

“ಇಲ್ಲ.”

“ಮತ್ತ ಯಾತಕ್ಕ ತಡೀತಿ? ಸ್ಟೇಶನ್‌ದಾಗ ನಿಂತು ಚಹಾ ಕುಡದೇನಿ ನಾ. ಅದಂತೂ ಖರೆ ಐತಿ. ಅದಕ್ಕ ಯಾರ ಪರವಾನಗಿ ಬೇಕು?”

ಬಾಯಿ ಒಳಗೆ ಹೋಗಿ, ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದರು. ಅಣ್ಣ ನನ್ನ ಕಡೆ ತಿರುಗಿ, “ಆಕಿ ಸಣ್ಣಾಕಿ ಇದ್ದಾಗಿಂದ ಹಿಂಗ. ಆಣೆ ಮಾಡು ಅಂದ್ರ ಯೋಚನೆ ಮಾಡಾಕ ಕುಂದ್ರಾಕಿ” ಎಂದರು. ಬಹಳ ದಿನದ ಮೇಲೆ ಸ್ವಲ್ಪ ನಕ್ಕರು.

ಬಲಗೈಯಲ್ಲಿ ಹೊಸದಾಗಿ ನಾಳ ಜೋಡಿಸಿ, ಅದು ಹದಕ್ಕೆ ಬಂದ ಮೇಲೆ ಡಾಕ್ಟರು ಕಡಿಮೆ ಪ್ರಮಾಣದಲ್ಲಿ ಅದೇ ಗುಳಿಗೆಯನ್ನು ಮತ್ತೆ ಕೊಟ್ಟರು. ಆ ಕೈಗೆ ಏನೂ ಆಗಲಿಲ್ಲ. ಹಾಗಾದರೆ ಮೊದಲ ಸಲ ಯಾಕಾಯಿತು? ಪ್ರಮಾಣವೋ, ಆ ನಾಳವೋ, ಆ ಮಳೆಗಾಲದಲ್ಲಿ ಅವರಿಗಾಗಿದ್ದ ಭೇದಿಯಿಂದ ಮೈಯ ನೀರು ಬತ್ತಿದ್ದೋ? ಬಾಯಿ ಊಟದ ನಡುವೆ ಕೈ ನಿಲ್ಲಿಸಿ ಇದನ್ನೇ ಯೋಚಿಸುತ್ತಿದ್ದರು. ಮರುವರ್ಷದ ಚಳಿಗಾಲದಲ್ಲಿ ಅಣ್ಣನಿಗೆ ನೆಗಡಿ ಎದೆಗಿಳಿದು ನ್ಯುಮೋನಿಯಾ ಆಯಿತು. ಅದರಲ್ಲೇ ತೀರಿಕೊಂಡರು. ಗುಳಿಗೆಯ ಪರವಾಗಿಯೋ ವಿರುದ್ಧವಾಗಿಯೋ ಒಂದು ಸಾಕ್ಷಿಯಾಗುವಂಥ ಸಾವೂ ಅದಾಗಿರಲಿಲ್ಲ.

ಪರವಾನಗಿ ಆಮೇಲೆ ಬಂತು. ನಿವೃತ್ತಿಗೆ ಉಳಿದಿದ್ದ ಕಾಲದಲ್ಲಿ ಕೆಲವೇ ರೋಗಿಗಳ ನಾಳದ ತುಂಡುಗಳು ಸಿಕ್ಕವು. ಅವುಗಳಲ್ಲಿ ಬೆಳೆದವು ಇನ್ನೂ ಕೆಲವೇ. ಬೆಳೆದವು ಎಡಕ್ಕೂ ಹೋದವು, ಬಲಕ್ಕೂ ಹೋದವು. ನನ್ನ ಪ್ರಬಂಧವನ್ನು ಸರಾಸರಿಯಿಲ್ಲದೆ, ಒಬ್ಬೊಬ್ಬರ ಫಲಿತಾಂಶವನ್ನೂ ಬೇರೆ ಬೇರೆಯಾಗಿ ತೋರಿಸಿಯೇ ಬರೆದೆ. ತೀರ್ಮಾನ ದುರ್ಬಲವಾಗಿದೆ ಎಂದು ಪರೀಕ್ಷಕರು ಷರಾ ಬರೆದು ಪದವಿ ಕೊಟ್ಟರು. ಈಗ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಆ ಷರಾ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ. ಪರೀಕ್ಷಕರ ಮೇಲೋ ಬಾಯಿಯ ಮೇಲೋ ಇನ್ನೂ ನಿಕ್ಕಿಯಾಗಿಲ್ಲ.

ಬೀಳ್ಕೊಡುಗೆಯಾಗಿ ಕೆಲವು ವಾರಗಳ ಮೇಲೆ ಆ ಡಾಕ್ಟರು ಬಾಯಿಗೆ ಫೋನು ಮಾಡಿದರು. ಡಯಾಲಿಸಿಸ್‌ಗೆ ಬರುವವರೂ ಮನೆಯವರೂ ಈ ಗುಳಿಗೆಗಳ ಬಗ್ಗೆ ಮೊಬೈಲಿನಲ್ಲಿ ಏನೇನೋ ನೋಡಿಕೊಂಡು ಬಂದು ಹೆದರುತ್ತಾರೆ, ಇಲ್ಲವೇ ಕುಣಿಯುತ್ತಾರೆ. ನೀವೊಮ್ಮೆ ಬಂದು ತಿಳಿಸಿ ಹೇಳಿ ಎಂದರು. ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಒಪ್ಪಿಕೊಂಡು, ನನ್ನನ್ನೂ ಕರೆದರು.

ಕಾಯುವ ಕೋಣೆಯಲ್ಲೇ ಕುರ್ಚಿಗಳನ್ನು ತಿರುಗಿಸಿ ಹಾಕಿದ್ದರು. ಬಾಯಿ ಮರಾಠಿಯಲ್ಲಿ ಹೇಳಿದರು. ಗುಳಿಗೆ ಮೈಗೆ ಯಾವ ಸುಳ್ಳು ಹೇಳುತ್ತದೆ, ಆ ಸುಳ್ಳಿನಿಂದ ರಕ್ತ ಹೇಗೆ ಏರುತ್ತದೆ, ಅದೇ ಸುಳ್ಳನ್ನು ರಕ್ತನಾಳ ಹೇಗೆ ಕೇಳಿಸಿಕೊಳ್ಳುತ್ತದೆ ಎಂಬುದನ್ನು. ಕೆಲವರಿಗೆ ಒಳ್ಳೆಯದಾಗಿದೆ, ಕೆಲವರಲ್ಲಿ ಹೆಪ್ಪು ಕಟ್ಟಿದೆ, ನೀವು ಯಾವ ಗುಂಪಿನವರೆಂದು ಮೊದಲೇ ಹೇಳಲು ನನಗೆ ಬರುವುದಿಲ್ಲ ಎಂದರು. ಕೈಯಲ್ಲಿ ಜೋಡಿಸಿದ ನಾಳದ ಮೇಲೆ ದಿನಾ ಬೆರಳಿಟ್ಟು ನೋಡಿ, ಒಳಗೆ ರಕ್ತ ಹರಿಯುವ ಝುಮುಝುಮು ನಿಂತರೆ, ಕಾಲು ಬಾತರೆ, ಎದೆ ಹಿಡಿದರೆ, ಮಾತು ತೊದಲಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ ಎಂದರು. ಹಿಂದೆ ಎಲ್ಲಾದರೂ ಹೆಪ್ಪುಗಟ್ಟಿದ್ದರೆ, ಕ್ಯಾನ್ಸರ್ ಆಗಿದ್ದರೆ, ಗುಳಿಗೆ ಶುರುಮಾಡುವ ಮೊದಲು ಡಾಕ್ಟರಿಗೆ ಮುಚ್ಚಿಡದೆ ಹೇಳಿ ಎಂದರು.

ಹಿಂದಿನ ಸಾಲಿನಿಂದ ಹೆಂಗಸೊಬ್ಬಳು ಎದ್ದಳು. ಒಳಗೆ ಯಂತ್ರಕ್ಕೆ ಹಚ್ಚಿಸಿಕೊಂಡು ಮಲಗಿದ್ದವನು ಅವಳ ಗಂಡ. ಕೆಲಸದ ಮನೆಯಿಂದ ನೇರವಾಗಿ ಬಂದವಳಂತೆ ಸೀರೆಯನ್ನು ಮೇಲೆ ಸಿಕ್ಕಿಸಿದ್ದಳು.

“ಅದೆಲ್ಲ ಇರಲಿ. ಕೊಡಲೋ ಬೇಡವೋ, ಅದನ್ನು ಹೇಳಿ.”

“ಅದನ್ನು ನಿಮ್ಮ ಡಾಕ್ಟರು, ನೀವು, ನಿಮ್ಮ ಯಜಮಾನರು ಕೂತು ನಿರ್ಧರಿಸಬೇಕು. ನನಗೆ ಗೊತ್ತಿರುವುದು ಇಷ್ಟೇ.”

“ಜೀವಮಾನವೆಲ್ಲ ಓದಿ ಇಷ್ಟೇನಾ?”

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಡಾಕ್ಟರು ನಡುವೆ ಬರಲು ಎದ್ದರು. ಬಾಯಿ ಕೈಯೆತ್ತಿ ಅವರನ್ನು ಕೂರಿಸಿದರು. ಈಗ ಕನ್ನಡಕ ತೆಗೆಯುತ್ತಾರೆ, ಆಮೇಲೆ ಶುರುವಾಗುತ್ತದೆ ಎಂದು ನಾನು ಬಿಗಿಯಾಗಿ ಕೂತೆ.

ಆಕೆ ಕನ್ನಡಕ ತೆಗೆಯಲಿಲ್ಲ. “ಹೋ, ಏವಢಂಚ್” ಎಂದರು. ಹೌದು, ಇಷ್ಟೇ.

ಆ ಹೆಂಗಸು ಚೀಲ ಹೆಗಲಿಗೇರಿಸಿ ಬಾಗಿಲ ತನಕ ನಡೆದಳು. ಅಲ್ಲಿ ನಿಂತಳು. ಒಳಗಿನ ಯಂತ್ರಗಳ ಕಡೆ ಒಮ್ಮೆ ನೋಡಿ, ಹಿಂದಿರುಗಿ ಬಂದು, ಈ ಸಲ ಮೊದಲ ಸಾಲಿನಲ್ಲಿ ಬಾಯಿಯ ಎದುರಿನ ಕುರ್ಚಿಯಲ್ಲೇ ಕೂತಳು.

“ಹಾಗಾದರೆ ಆ ಇಷ್ಟನ್ನೇ ಇನ್ನೊಮ್ಮೆ ಹೇಳಿ” ಎಂದಳು. “ನಿಧಾನಕ್ಕೆ ಹೇಳಿ. ನನಗೆ ಬರೆದುಕೊಳ್ಳಲು ಬರುವುದಿಲ್ಲ.”

ಬಾಯಿ ತಮ್ಮ ಕುರ್ಚಿಯನ್ನು ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡು, ಮತ್ತೆ ಮೊದಲಿನಿಂದ ಶುರುಮಾಡಿದರು.